ಹರಿತ ನಿಲ್ಲುವ ಉಕ್ಕು

ತಂಗಿ ನಲವತ್ತೇಳನೆಯ ವಯಸ್ಸಿನಲ್ಲಿ ಮದುವೆಯಾಗಿ ಹೊರಟುಹೋಗುತ್ತಾಳೆಂದು ಚಾಕಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ಹಲ್ಲು ನೋವೆಂದು ಡಾಕ್ಟರ ಹತ್ತಿರ ಹೋದ ತಂಗಿ, ಅಲ್ಲಿ ಸರದಿಗೆ ಕಾಯುತ್ತಿದ್ದ ಒಬ್ಬ ವಿಧುರ ಗಡಿಯಾರ ರಿಪೇರಿಯವನ ಜೊತೆ ಮಾತಿಗೆ ಕೂತಳು. ಹಲ್ಲು ಹೋಯಿತು, ಗಂಡ ಸಿಕ್ಕ. “ಒಂದು ಕೊಟ್ಟು ಮೂವತ್ತೆರಡು ತಂದಳು” ಎಂದು ಬೀದಿಯವರೆಲ್ಲ ನಕ್ಕರು. ಚಾಕಕ್ಕನೂ ನಕ್ಕಳು. ಪೆಟ್ಟಿಗೆ ಹೊತ್ತು ಬಸ್ಸಿನವರೆಗೂ ಹೋಗಿ ಕಳಿಸಿಬಂದಳು. ಬಂದು ಮೆಟ್ಟಿಲು ಹತ್ತಿ ಮೇಲಿನ ಕೋಣೆಯ ಬಾಗಿಲು ತೆಗೆದಾಗ ಮನೆ ಬಿಕೋ ಎನ್ನುತ್ತಿತ್ತು.

ಕೆಳಗೆ ಕುಲುಮೆ ಮತ್ತು ಅಂಗಡಿ, ಮೇಲೆ ಎರಡು ಕೋಣೆ. ಅಪ್ಪನ ಕಾಲದಿಂದಲೂ ಅಲ್ಲಿ ಚಾಕು ಮಾಡುವುದೇ ಕಸುಬು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ದೊಡ್ಡವಳು ಸುತ್ತಿಗೆ ಹಿಡಿದು ಊರಿಗೆಲ್ಲ ಚಾಕಕ್ಕನಾದಳು, ಚಿಕ್ಕವಳು ಮಾತು ಹಿಡಿದಳು. ಅಂಗಡಿಯ ಮುಂದಿನ ಮೇಜಿನಲ್ಲಿ ಕೂತು ಗಿರಾಕಿಗಳ ಕಷ್ಟ ಸುಖ ಕೇಳುವುದು, ಯಾರ ಮಗಳಿಗೆ ಯಾವಾಗ ಹೆರಿಗೆ ಎಂದು ನೆನಪಿಡುವುದು, ಹೋಗಿಬರುವವರನ್ನು ಕರೆದು ಕೂರಿಸುವುದು ಎಲ್ಲ ತಂಗಿಯ ಪಾಲು. ಒಳಗೆ ಬೆಂಕಿಯ ಮುಂದೆ ಬೆನ್ನು ಬಾಗಿಸಿ ನಿಂತವಳಿಗೆ ಆ ಮಾತೆಲ್ಲ ಕಿವಿಗೆ ಬೀಳುತ್ತಿತ್ತು, ಅಷ್ಟೇ ಸಾಕಾಗಿತ್ತು. ತಾನು ಮಾತಾಡಬೇಕೆಂದು ಅವಳಿಗೆ ಅನ್ನಿಸಿದ್ದೇ ಇಲ್ಲ.

ತಂಗಿ ಹೋದ ಮೇಲೆ ಗಿರಾಕಿಗಳು ಬರುತ್ತಿದ್ದರು, ಚಾಕು ಕೊಡುತ್ತಿದ್ದರು. “ನಾಳೆ ಬನ್ನಿ” ಎನ್ನುತ್ತಿದ್ದಳು ಚಾಕಕ್ಕ. ನಾಳೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಒಂದು ಗುರುವಾರ ಅಂಚೆಯವನು ವಿಳಾಸ ಕೇಳಿದಾಗ ಉತ್ತರ ಕೊಡಲು ಬಾಯಿ ತೆರೆದರೆ ಗಂಟಲಿಂದ ಗಾಳಿ ಮಾತ್ರ ಬಂತು. ಲೆಕ್ಕ ಹಾಕಿದಳು: ಮಂಗಳವಾರ ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ.

ಅಂಥ ದಿನಗಳಲ್ಲೇ ರಟ್ಟಮ್ಮ ಬಂದದ್ದು.

ಐವತ್ತರ ಹತ್ತಿರದ ಹೆಂಗಸು, ಕುಳ್ಳಗೆ, ದುಂಡಗೆ. ಬೆರಳ ತುದಿಗಳಲ್ಲಿ ಒಣಗಿದ ಅಂಟು. ಚೀಲದಿಂದ ಒಂದು ಚಾಕು ತೆಗೆದು ಮೇಜಿನ ಮೇಲಿಟ್ಟು, ಯಾರೂ ಕೇಳುವ ಮೊದಲೇ ಕಥೆ ಶುರುಮಾಡಿದಳು.

“ನಾನು ದೊಡ್ಡ ಲೈಬ್ರರಿಯಲ್ಲಿ ಬೈಂಡಿಂಗ್ ಕೆಲಸ ಮಾಡ್ತೀನಿ. ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕೋದು. ಅಲ್ಲಿ ಎಲ್ಲರೂ ನನ್ನ ರಟ್ಟಮ್ಮ ಅಂತಾರೆ, ನೀವೂ ಹಾಗೇ ಕರೀರಿ, ಬೇಜಾರಿಲ್ಲ. ದಿನಾ ನಲವತ್ತು ಐವತ್ತು ರಟ್ಟು ಕೊಯ್ಯಬೇಕು. ಈ ಚಾಕು ಇದೆಯಲ್ಲ, ಸೋಮವಾರ ಹರಿತ, ಬುಧವಾರ ಮೊಂಡು, ಶುಕ್ರವಾರ ಬೆಣ್ಣೆ ಸವರೋಕೆ ಲಾಯಕ್ಕು.”

ಚಾಕಕ್ಕ ಚಾಕನ್ನು ಎತ್ತಿ ಬೆಳಕಿಗೆ ಹಿಡಿದಳು. ಅಂಚಿನುದ್ದಕ್ಕೂ ಬೆಳಕು ಬಿಳಿ ಗೆರೆಯಾಗಿ ಹೊಳೆಯುತ್ತಿತ್ತು. ಹರಿತವಾದ ಅಂಚು ಹೊಳೆಯುವುದಿಲ್ಲ.

“ರಟ್ಟಿನೊಳಗೆ ಮಣ್ಣಿನ ಪುಡಿ ಸೇರಿಸಿರ್ತಾರೆ. ಅದು ಮರಳು ಕಾಗದ ಇದ್ದ ಹಾಗೆ. ಅಲಗನ್ನ ತಿನ್ನುತ್ತೆ” ಎಂದಳು. ಆ ವಾರ ಅವಳು ಆಡಿದ ಅತ್ಯಂತ ಉದ್ದದ ಮಾತು ಅದು.

“ಹಾಗಾದ್ರೆ ತಿನ್ನಿಸಿಕೊಳ್ಳದ ಉಕ್ಕು ಯಾವುದು ಹೇಳಿ ಅಕ್ಕ. ನನ್ನ ಬಲ ಮಣಿಕಟ್ಟು ಸರಿಯಿಲ್ಲ. ಒತ್ತಿ ಕೊಯ್ಯೋಕೂ ಆಗಲ್ಲ, ಕೂತು ಮಸೆಯೋಕೂ ಆಗಲ್ಲ. ಒಂದು ಸಲ ಮಾಡಿಸಿದ್ರೆ ವರ್ಷಗಟ್ಟಲೆ ಹರಿತ ನಿಲ್ಲಬೇಕು.”

ಅಂಥ ಉಕ್ಕು ಇತ್ತು. ಮೇಲಿನ ಹಲಗೆಯ ಮೇಲೆ, ಎಣ್ಣೆ ಕಾಗದದಲ್ಲಿ ಸುತ್ತಿದ ಎರಡು ಪಟ್ಟಿ. ಕಾರ್ಖಾನೆಯಲ್ಲಿ ಉಕ್ಕನ್ನು ಹಿಟ್ಟಿನಂತೆ ಪುಡಿ ಮಾಡಿ, ಮತ್ತೆ ಒತ್ತಿ ಬೆಸೆದು ಮಾಡಿದ್ದು. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ, ಕಲ್ಲಿಗಿಂತ ಗಟ್ಟಿಯಾದ ಹರಳುಗಳು. ಉಳಿದ ಉಕ್ಕು ಸವೆದರೂ ಆ ಹರಳುಗಳು ಹಲ್ಲು ಕಚ್ಚಿ ನಿಲ್ಲುತ್ತವೆ. ಅದರಲ್ಲಿ ಒಂದು ಚಾಕು ಮಾಡಿ ಅವಳೇ ಹಗ್ಗ ಕೊಯ್ದು ಪರೀಕ್ಷಿಸಿದ್ದಳು. ಸಾದಾ ಉಕ್ಕು ಎಂಬತ್ತು ತುಂಡಿಗೆ ಸೋತರೆ ಇದು ಆರುನೂರು ದಾಟಿತ್ತು. ಎದುರಿಗೆ ನಿಂತ ಈ ಹೆಂಗಸಿಗೆಂದೇ ಹೇಳಿ ಮಾಡಿಸಿದ ಉಕ್ಕು.

ಆದರೆ ಅಷ್ಟರಲ್ಲಿ ರಟ್ಟಮ್ಮ ಸ್ಟೂಲಿನ ಮೇಲೆ ಕೂತಾಗಿತ್ತು. ಹಳೇ ಪುಸ್ತಕಗಳೊಳಗೆ ಏನೇನು ಸಿಗುತ್ತವೆಂದು ಹೇಳುತ್ತಿದ್ದಳು. ಬಸ್ ಟಿಕೆಟ್ಟು, ಹೇರ್‌ಪಿನ್ನು, ಒಂದು ಸಲ ಚಪ್ಪಟೆಯಾಗಿ ಒಣಗಿದ ಹಲ್ಲಿ. “ಕೊಡೋರು ಪುಸ್ತಕದ ಮೇಲೆ ಎಷ್ಟು ಪ್ರೀತಿ ಇಟ್ಟಿದ್ರೋ ಗೊತ್ತಿಲ್ಲ, ಹಲ್ಲಿಯಂತೂ ಕೊನೇ ಪುಟದವರೆಗೂ ಓದಿತ್ತು.” ಚಾಕಕ್ಕ ನಕ್ಕಳು. ನಕ್ಕ ಸದ್ದು ತನ್ನದೇ ಎಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.

“ಪುಡಿ ಉಕ್ಕು ಅಂತ ಒಂದಿದೆ” ಎಂದು ನಿಧಾನವಾಗಿ ಹೇಳಿದಳು. “ಆದ್ರೆ ಅದು ಒರಟು ಸ್ವಭಾವದ್ದು. ಓರೆಯಾಗಿ ಒತ್ತಿದ್ರೆ ಅಂಚು ಚಕ್ಕೆ ಏಳಬಹುದು. ಒಂದು ಸಲ ಮೊಂಡಾದ್ರೆ ಸಾದಾ ಕಲ್ಲಿಗೆ ಜಗ್ಗಲ್ಲ. ನಿಮಗೆ ಸಾದಾ ಉಕ್ಕೇ ಒಳ್ಳೇದು, ಇದಕ್ಕಿಂತ ಗಟ್ಟಿಯಾಗಿ ಹದ ಹಾಕಿ ಹೊಸದೊಂದು ಮಾಡ್ತೀನಿ, ತಿಂಗಳು ತಡೆಯುತ್ತೆ. ತಿಂಗಳಿಗೊಂದು ಸಲ ಇಲ್ಲಿಗೆ ಬನ್ನಿ, ನಾನೇ ಸಾಣೆ ಹಿಡಿದು ಕೊಡ್ತೀನಿ. ಕೂತು ಚಹಾ ಕುಡಿಯೋಷ್ಟರಲ್ಲಿ ಆಗುತ್ತೆ.”

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಿಜವನ್ನೇ ತನಗೆ ಬೇಕಾದ ಅಳತೆಗೆ ಕೊಯ್ದು ಕೊಟ್ಟಿದ್ದಳು.

“ನೀವು ಬಲ್ಲವರು, ನೀವು ಹೇಳಿದ ಮೇಲೆ ಮುಗೀತು” ಎಂದಳು ರಟ್ಟಮ್ಮ.

ಹಾಗೆ ತಿಂಗಳ ಎರಡನೆಯ ಶನಿವಾರ ಚಾಕಕ್ಕನ ಪಾಲಿಗೆ ಬೇರೆಯೇ ದಿನವಾಯಿತು. ಬೆಳಿಗ್ಗೆಯೇ ಅಂಗಡಿಯ ನೆಲ ಒರೆಸುವಳು. ಬೇರೆ ಗಿರಾಕಿಗಳ ಕೆಲಸವನ್ನು ಶುಕ್ರವಾರವೇ ಮುಗಿಸಿಡುವಳು. ರಟ್ಟಮ್ಮ ಬಂದು ಚಾಕು ಕೊಟ್ಟು, ಚಹಾ ಕುಡಿಯುತ್ತ, ಮನೆಯ ಸುದ್ದಿ ಹೇಳುವಳು. ಅವಳದು ತುಂಬಿದ ಮನೆ: ಗಂಡ, ಅತ್ತೆ, ಇಬ್ಬರು ಮೈದುನಂದಿರು, ಅವರ ಮಕ್ಕಳು, ಒಂದು ಬಚ್ಚಲು. “ಬೆಳಿಗ್ಗೆ ಸರದಿ ತಪ್ಪಿದ್ರೆ ಮಧ್ಯಾಹ್ನಾನೇ ಸ್ನಾನ” ಎನ್ನುವಳು. ಇನ್ನೊಂದು ಸಲ, ಪುಸ್ತಕವೊಂದರ ಬೆನ್ನಿನೊಳಗೆ ಸಿಕ್ಕ ಕಾಗದದ ಕಥೆ ಹೇಳಿದಳು. ಅದರಲ್ಲಿ ‘ನಿನ್ನ ಮೇಲೆ ನನಗೆ ಕೋಪವಿಲ್ಲ, ಆದರೆ’ ಎಂದಷ್ಟೇ ಬರೆದಿತ್ತಂತೆ. ಆ ‘ಆದರೆ’ಯ ಮುಂದೆ ಏನಿರಬಹುದೆಂದು ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ಐದು ನಿಮಿಷದಲ್ಲಿ ಮುಗಿಯುವ ಸಾಣೆಯನ್ನು ಚಾಕಕ್ಕ ಮೂರು ಕಲ್ಲು ಬದಲಿಸಿ, ನೀರು ಚಿಮುಕಿಸಿ, ಬೆಳಕಿಗೆ ಹಿಡಿದು, ಮತ್ತೆ ಕಲ್ಲಿಗಿಟ್ಟು ಮುಕ್ಕಾಲು ಗಂಟೆ ಎಳೆಯುತ್ತಿದ್ದಳು.

ಆರನೆಯ ತಿಂಗಳು ರಟ್ಟಮ್ಮ ಎರಡು ವಾರ ತಡವಾಗಿ ಬಂದಳು.

“ಚಾಕು ಇನ್ನೂ ಚೆನ್ನಾಗೇ ಇತ್ತು ಅಕ್ಕ. ಅದಕ್ಕೇ ಬರಲಿಲ್ಲ. ಒತ್ತದೆ ಎಳೀಬೇಕು ಅಂತ ನೀವು ಹೇಳಿಕೊಟ್ರಲ್ಲ, ಅದು ಕೈಗೆ ಕೂತಿದೆ. ಹೀಗೇ ಹೋದ್ರೆ ಎರಡು ತಿಂಗಳಿಗೊಮ್ಮೆ ಬಂದ್ರೆ ಸಾಕು ನೋಡಿ.”

ಖುಷಿಯ ಸುದ್ದಿಯೆಂದು ಹೇಳಿದ ಮಾತು. ಚಾಕಕ್ಕ ಅಲಗನ್ನು ಕಲ್ಲಿನ ಮೇಲಿಟ್ಟಳು. ಕೈ ತಾನಾಗಿ ಚಾಕಿನ ಬೆನ್ನನ್ನು ಎಂದಿಗಿಂತ ಕೊಂಚ ತಗ್ಗಿಸಿತು. ಹಾಗೆ ಮಸೆದರೆ ಅಂಚು ಬ್ಲೇಡಿನಷ್ಟು ತೆಳುವಾಗುತ್ತದೆ. ಮೊದಲ ವಾರ ರಟ್ಟು ಬೆಣ್ಣೆಯಂತೆ ಸೀಳುತ್ತದೆ. ಮೂರನೆಯ ವಾರಕ್ಕೆ ಬೆನ್ನಿನ ಬಲವಿಲ್ಲದ ಅಂಚು ಮಡಚಿಕೊಳ್ಳುತ್ತದೆ. ನಲವತ್ತು ವರ್ಷ ಚಾಕು ಮಾಡಿದವಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಕೈ ಮಾಡುತ್ತಿದ್ದುದನ್ನು ಕಣ್ಣು ನೋಡುತ್ತಿತ್ತು, ಬಾಯಿ ಮಾತ್ರ ಅತ್ತೆಯ ಮಂಡಿನೋವು ಹೇಗಿದೆ ಎಂದು ಕೇಳುತ್ತಿತ್ತು.

ಮುಂದಿನ ತಿಂಗಳ ಎರಡನೆಯ ಶನಿವಾರಕ್ಕೆ ಸರಿಯಾಗಿ ರಟ್ಟಮ್ಮ ಬಂದಳು. “ಯಾಕೋ ಈ ಸಲ ಬೇಗ ಹೋಯ್ತು” ಎಂದಳು. ಚಾಕಕ್ಕ “ರಟ್ಟು ಬದಲಾಗಿರಬೇಕು” ಎಂದಳು. ಮತ್ತೆ ಹಾಗೆಯೇ ತೆಳುವಾಗಿ ಮಸೆದು ಕೊಟ್ಟಳು.

ಅದರ ಮುಂದಿನ ತಿಂಗಳು ಅವಳು ಬರಲಿಲ್ಲ. ಶನಿವಾರ ಸಂಜೆಯವರೆಗೂ ಚಾಕಕ್ಕ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ನಂತರದ ಶನಿವಾರವೂ ಇಲ್ಲ, ಅದರ ನಂತರವೂ ಇಲ್ಲ. ಫೋನ್ ನಂಬರ್ ಬರೆದಿಟ್ಟುಕೊಳ್ಳುವುದು ತಂಗಿಯ ಅಭ್ಯಾಸ; ಇವಳಿಗೆ ಹೊಳೆದೇ ಇರಲಿಲ್ಲ. ಭಾನುವಾರ ತಂಗಿ ಫೋನ್ ಮಾಡಿ “ನಿನ್ನ ರಟ್ಟಮ್ಮ ಹೇಗಿದ್ದಾಳೆ?” ಎಂದು ಕೇಳಿದಾಗ “ಚೆನ್ನಾಗಿದ್ದಾಳೆ” ಎಂದಳು. ಫೋನ್ ಇಟ್ಟ ಮೇಲೆ ಮುಳ್ಳಿನ ಮೇಲೆ ಕೂತಂತಾಯಿತು. ಸೋಮವಾರ ಅಂಗಡಿಗೆ ಬೀಗ ಹಾಕಿ ಹೊರಟಳು.

ಒಂದು ಬಸ್ಸು ಊರಾಚೆಯ ಸೇತುವೆಯವರೆಗೆ. ಅಲ್ಲಿ ಇಪ್ಪತ್ತು ನಿಮಿಷ ಬಿಸಿಲಲ್ಲಿ ಕಾದು ಇನ್ನೊಂದು. ಎರಡರಲ್ಲೂ ನಿಂತೇ ಹೋಗಬೇಕಾಯಿತು. ಲೈಬ್ರರಿ ಮುಟ್ಟಲು ಒಂದೂಮುಕ್ಕಾಲು ಗಂಟೆ ಹಿಡಿಯಿತು. ಅಂದರೆ ಹೋಗಿಬರಲು ಮೂರೂವರೆ ಗಂಟೆ. ಇದ್ದ ಒಂದು ರಜೆಯ ಅರ್ಧ ದಿನವನ್ನು ಆ ಹೆಂಗಸು ಪ್ರತಿ ತಿಂಗಳು ಹೀಗೆ ಕಳೆಯುತ್ತಿದ್ದಳು. ಒಮ್ಮೆಯೂ ದೂರ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಇವಳು ಕೇಳಿಯೂ ಇರಲಿಲ್ಲ.

ಬೈಂಡಿಂಗ್ ಕೋಣೆ ನೆಲಮಾಳಿಗೆಯಲ್ಲಿತ್ತು. ಅಂಟಿನ ವಾಸನೆ, ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ರಟ್ಟಿನ ರಾಶಿ. ಮೂರು ನಾಲ್ಕು ಜನ ಏನೋ ಹೇಳಿಕೊಂಡು ಗಟ್ಟಿಯಾಗಿ ನಗುತ್ತಿದ್ದರು. ನಡುವೆ ರಟ್ಟಮ್ಮ. ಎಡಗೈಗೆ ಅಂಗೈಯಿಂದ ಮಣಿಕಟ್ಟಿನವರೆಗೆ ಬಿಳಿ ಪಟ್ಟಿ.

“ಅಯ್ಯೋ ಅಕ್ಕ, ನೀವು! ಇಲ್ಲಿಗೆ!” ಎಂದು ಎದ್ದಳು. “ನೋಡಿ ನನ್ನ ಅವತಾರ. ಏಳು ಹೊಲಿಗೆ. ಚಾಕು ಮೊಂಡಾಗಿತ್ತು, ಶನಿವಾರದವರೆಗೆ ತಳ್ಳೋಣ ಅಂತ ಒತ್ತಿದೆ. ಸ್ಕೇಲಿನ ಮೇಲಿಂದ ಜಾರಿ ನೇರ ಹೆಬ್ಬೆರಳ ಬುಡಕ್ಕೆ ಬಂತು. ತಪ್ಪು ನಂದೇ, ಮೊಂಡು ಚಾಕೇ ಕೈ ಕೊಯ್ಯೋದು ಅಂತ ನೀವು ಹೇಳಿದ್ರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ಚಾಕಕ್ಕ ತನ್ನ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಸ್ವಲ್ಪ ಹೊರಗೆ ಬರ್ತೀರಾ?” ಎಂದಳು.

ಮೆಟ್ಟಿಲ ಬುಡದಲ್ಲಿ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಜಾಗದಲ್ಲಿ ಇಬ್ಬರೂ ನಿಂತರು.

“ತಪ್ಪು ನಿಮ್ಮದಲ್ಲ. ನಂದು. ಹಿಂದಿನ ಎರಡು ಸಲ ನಾನು ಬೇಕಂತಲೇ ಅಂಚನ್ನ ತೆಳು ಮಾಡಿ ಕೊಟ್ಟೆ. ಬೇಗ ಮೊಂಡಾಗಲಿ ಅಂತ.”

ರಟ್ಟಮ್ಮನಿಗೆ ಅರ್ಥವಾಗಲಿಲ್ಲ. “ಯಾಕೆ?”

“ಬೇಗ ಮೊಂಡಾದ್ರೆ ನೀವು ಬೇಗ ಬರ್ತೀರಲ್ಲ.” ಹೇಳುತ್ತ ಹೇಳುತ್ತ ಚಾಕಕ್ಕನ ಮುಖ ಕೆಂಪಾಯಿತು, ಐವತ್ತಮೂರು ವರ್ಷದ ಹೆಂಗಸು ಶಾಲೆಯ ಮಗುವಿನಂತೆ ನೆಲ ನೋಡುತ್ತ ನಿಂತಿದ್ದಳು. “ಮೊದಲ ದಿನಾನೂ ಅಷ್ಟೇ. ನೀವು ಕೇಳಿದ ಉಕ್ಕು ನನ್ನ ಹತ್ತಿರ ಇತ್ತು. ವರ್ಷಗಟ್ಟಲೆ ನಿಲ್ಲೋದು. ಅದನ್ನ ಕೊಟ್ಟಿದ್ರೆ ನೀವು ಮತ್ತೆ ಬರ್ತಿರಲಿಲ್ಲ. ಅದಕ್ಕೆ ಕೊಡಲಿಲ್ಲ.”

ಒಳಗಿನಿಂದ ಯಾರೋ “ರಟ್ಟಮ್ಮ, ಚಹಾ ಆರ್ತಾ ಇದೆ” ಎಂದು ಕೂಗಿದರು. ಅವಳು ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

“ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ. ಸುಮ್ಮನೆ ಬಾ ಅಂತ.”

“ಬರ್ತಿದ್ರಾ?”

ರಟ್ಟಮ್ಮ ಯೋಚಿಸಿದಳು. ಆಮೇಲೆ ತಲೆಯಾಡಿಸಿದಳು. “ಗೊತ್ತಿಲ್ಲ. ಸುಳ್ಳು ಯಾಕೆ ಹೇಳಲಿ? ನಿಮ್ಮ ಹತ್ತಿರ ಕೂತ್ರೆ ನನಗೂ ಹಗುರ ಆಗ್ತಿತ್ತು. ಆದ್ರೆ ಮನೇಲಿ ಒಂಬತ್ತು ಜನ. ಎರಡು ಬಸ್ಸು. ಚಾಕು ಅನ್ನೋ ನೆಪ ಇಲ್ಲದೆ ಮನೆಯಿಂದ ಹೊರಡೋಕೆ ಆಗ್ತಿತ್ತೋ ಇಲ್ಲವೋ.” ಆಮೇಲೆ ಬೇರೆಯೇ ದನಿಯಲ್ಲಿ, “ಈ ಕೈ ನನ್ನ ಅನ್ನ ಅಕ್ಕ. ನರಕ್ಕೆ ಬಿದ್ದಿದ್ರೆ?” ಎಂದಳು.

“ಚಾಕು ಕೊಡಿ” ಎಂದು ಕೇಳಿ ಚಾಕಕ್ಕ ಅದನ್ನು ಇಸಿದುಕೊಂಡಳು. “ಇನ್ನೊಂದು ಮಾಡಿ ತರ್ತೀನಿ. ಅಲ್ಲೀವರೆಗೆ ಇದು ನನ್ನ ಹತ್ತಿರಾನೇ ಇರಲಿ.”

ಪುಡಿ ಉಕ್ಕು ಅವಳ ಕುಲುಮೆಗೆ ಬಗ್ಗುವ ಜಾತಿಯಲ್ಲ. ಇದ್ದಿಲ ಬೆಂಕಿಯಲ್ಲಿ ಕಣ್ಣಳತೆಯಲ್ಲಿ ಕಾಯಿಸಿ ಎಣ್ಣೆಗೆ ಅದ್ದುವ ಅಪ್ಪನ ವಿದ್ಯೆ ಇದರ ಮುಂದೆ ನಡೆಯುವುದಿಲ್ಲ. ಪಟ್ಟಿಯನ್ನು ಆಕಾರಕ್ಕೆ ಕೊಯ್ದು, ಉಜ್ಜಿ, ರೈಲು ನಿಲ್ದಾಣದ ಹಿಂದಿರುವ ಒಂದು ಲೋಹದ ಅಚ್ಚು ಮಾಡುವ ಕಾರ್ಖಾನೆಗೆ ಒಯ್ದಳು. ಅಲ್ಲಿ ಶಾಖವನ್ನು ಅಂಕಿಯಲ್ಲಿ ತೋರಿಸುವ ವಿದ್ಯುತ್ ಒಲೆಯಿತ್ತು. ಒಲೆ ನೋಡಿಕೊಳ್ಳುವವನು “ಎಷ್ಟು ಗಟ್ಟಿ ಬೇಕು?” ಎಂದು ಕೇಳಿದ. ಇಲ್ಲೇ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ತೀರಾ ಗಟ್ಟಿ ಮಾಡಿದರೆ ವರ್ಷಗಟ್ಟಲೆ ಹರಿತ ನಿಲ್ಲುತ್ತದೆ, ಆದರೆ ಜಾರಿ ಸ್ಕೇಲಿಗೆ ಬಡಿದರೆ ಅಂಚು ಚಕ್ಕೆ ಏಳುತ್ತದೆ. ಕೊಂಚ ಇಳಿಸಿದರೆ ತಡೆಯುತ್ತದೆ, ಹರಿತದ ಆಯುಷ್ಯ ಸ್ವಲ್ಪ ಕಡಿಮೆ. ಮೊದಲ ದಿನ ರಟ್ಟಮ್ಮನಿಗೆ ಹೇಳಿ ಹೆದರಿಸಿದ್ದ ಆ ಚಕ್ಕೆಯ ಮಾತನ್ನು ಈಗ ಅವಳು ನಿಜವಾಗಿ ಕೂತು ಯೋಚಿಸಿದಳು: ಆ ಹೆಂಗಸು ನೇರ ಎಳೆಯುತ್ತಾಳೆ, ತಿರುಚುವುದಿಲ್ಲ, ಕೆಳಗೆ ಮೆತ್ತನೆಯ ರಬ್ಬರ್ ಹಾಳೆಯಿದೆ, ಸ್ಕೇಲು ಮಾತ್ರ ಕಬ್ಬಿಣದ್ದು. “ಪೂರ್ತಿ ಮೇಲಕ್ಕೆ ಬೇಡ, ಒಂದು ಮೆಟ್ಟಿಲು ಕೆಳಗೆ” ಎಂದಳು.

ಹದವಾಗಿ ಬಂದ ಅಲಗನ್ನು ಮಸೆಯಲು ಒಂಬತ್ತು ದಿನ ಹಿಡಿಯಿತು. ಸಾದಾ ಕಲ್ಲು ಅದರ ಮೇಲೆ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ವಜ್ರದ ಪುಡಿ ಅಂಟಿಸಿದ ಹೊಸ ತಗಡು ತರಿಸಿದಳು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಭುಜ ಕೇಳುತ್ತಿರಲಿಲ್ಲ. ಹಿಡಿಯನ್ನು ರಟ್ಟಮ್ಮನ ಮಣಿಕಟ್ಟಿಗೆ ತ್ರಾಸವಾಗದಂತೆ ಕೊಂಚ ಬಾಗಿಸಿ, ಬೆರಳು ಜಾರದಂತೆ ಮುಂದೆ ಒಂದು ಏಣು ಬಿಟ್ಟಳು. ಆ ಒಂಬತ್ತು ದಿನ ಯಾರ ಜೊತೆಯೂ ಮಾತಿರಲಿಲ್ಲ; ಅದು ಅವಳ ಗಮನಕ್ಕೆ ಬರಲೂ ಇಲ್ಲ.

ತಾನೇ ಒಯ್ದು ಕೊಟ್ಟಳು. ರಟ್ಟಮ್ಮನ ಪಟ್ಟಿ ಬಿಚ್ಚಿತ್ತು. ಹೊಲಿಗೆಯ ಗುರುತು ಕೆಂಪಗೆ ಕಾಣುತ್ತಿತ್ತು. ಎಲ್ಲರೆದುರೇ ಒಂದು ದಪ್ಪ ರಟ್ಟು ಹಾಸಿ ಎಳೆದಳು. ಒಂದೇ ಎಳೆತ. ಎರಡು ತುಂಡು ಸದ್ದಿಲ್ಲದೆ ಬೇರಾದವು. “ಅಬ್ಬಾ!” ಎಂದರು ಯಾರೋ.

“ಎಷ್ಟು ದಿನ?” ಎಂದಳು ರಟ್ಟಮ್ಮ.

“ಒಂದು ವರ್ಷಕ್ಕೆ ಮೋಸವಿಲ್ಲ. ಹೆಚ್ಚೂ ಆಗಬಹುದು.”

ಇಬ್ಬರಿಗೂ ಆ ಮಾತಿನ ಅರ್ಥ ಗೊತ್ತಿತ್ತು. ರಟ್ಟಮ್ಮ ಚಾಕನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಡ್ರಾಯರಿನಲ್ಲಿಟ್ಟಳು. “ಬಹಳ ಚೆನ್ನಾಗಿದೆ” ಎಂದಳು, ಮರ್ಯಾದೆಯ ದನಿಯಲ್ಲಿ. ಚಹಾ ಕುಡಿದು ಹೋಗಿ ಎನ್ನಲಿಲ್ಲ.

ಹದಿನಾಲ್ಕು ತಿಂಗಳು ಕಳೆಯಿತು. ಎರಡನೆಯ ಶನಿವಾರಗಳು ಉಳಿದ ಶನಿವಾರಗಳಂತೆಯೇ ಬಂದು ಹೋದವು. ಮೊದಮೊದಲು ಬಾಗಿಲ ಕಡೆ ನೋಡುತ್ತಿದ್ದಳು, ಆಮೇಲೆ ಅದೂ ನಿಂತಿತು. ಹೊಸ ಗಿರಾಕಿ ಬಂದರೆ ಮೊದಲು ಏನು ಕೊಯ್ಯುತ್ತೀರಿ, ಎಷ್ಟು ದೂರದಿಂದ ಬಂದಿರಿ ಎಂದು ಕೇಳುವುದು ರೂಢಿಯಾಯಿತು. ದೂರದವರಿಗೆ, ಕೈಲಾಗದವರಿಗೆ ಪುಡಿ ಉಕ್ಕು. ಮನೆಯಲ್ಲೇ ಮಸೆದುಕೊಳ್ಳಬಲ್ಲವರಿಗೆ ಸಾದಾ ಉಕ್ಕು. “ನಿಮ್ಮ ಚಾಕು ತಗೊಂಡ ಮೇಲೆ ನಿಮ್ಮ ಮುಖ ನೋಡೋ ಹಾಗೇ ಇಲ್ಲವಲ್ಲ” ಎಂದು ಒಬ್ಬ ಚಪ್ಪಲಿ ಹೊಲಿಯುವವನು ಹೊಗಳಿದ. ಅವಳು “ಹೂಂ” ಎಂದಳು.

ಹದಿನೈದನೆಯ ತಿಂಗಳು, ಒಬ್ಬ ಉದ್ದನೆಯ ಗಂಡಸು ಆ ಚಾಕನ್ನು ತಂದು ಮೇಜಿನ ಮೇಲಿಟ್ಟ. ರಟ್ಟಮ್ಮನ ಗಂಡ. ಇತ್ತ ಏನೋ ಕೆಲಸವಿತ್ತಂತೆ, ಹೆಂಡತಿ ಕೊಟ್ಟು ಕಳಿಸಿದಳಂತೆ.

ಅಂಚು ಸವೆದಿತ್ತು, ಒಂದೂ ಚಕ್ಕೆ ಎದ್ದಿರಲಿಲ್ಲ. ಚಾಕಕ್ಕ ಅದನ್ನು ಉಗುರಿನ ಮೇಲೆ ಎಳೆದು ನೋಡಿ, “ಇದಕ್ಕೆ ಎರಡು ಮೂರು ಗಂಟೆ ಬೇಕು. ನಾಳೆ ಬರ್ತೀರಾ?” ಎಂದಳು. ಅಂದು ಮಧ್ಯಾಹ್ನವೆಲ್ಲ ವಜ್ರದ ತಗಡಿನ ಮೇಲೆ ಅದನ್ನೇ ಎಳೆದಳು. ಎಷ್ಟು ಚೆನ್ನಾಗಿ ಮಸೆಯುತ್ತಾಳೋ ಅಷ್ಟು ಕಾಲ ಆ ಮನೆಯಿಂದ ಯಾರೂ ಬರುವುದಿಲ್ಲ. ಗೊತ್ತಿದ್ದೇ, ಕೈಲಾದಷ್ಟು ಚೆನ್ನಾಗಿ ಮಸೆದಳು.

ಮರುದಿನ ಗಂಡ ಬಂದು ಚಾಕು ಚೀಲಕ್ಕೆ ಹಾಕಿಕೊಂಡ.

“ಅವರ ಕೈ ಹೇಗಿದೆ?”

“ಹೆಬ್ಬೆರಳು ಚಳಿಗೆ ಸ್ವಲ್ಪ ಮರಗಟ್ಟುತ್ತೆ. ಕೆಲಸಕ್ಕೇನೂ ತೊಂದರೆ ಇಲ್ಲ.” ಬಾಗಿಲವರೆಗೆ ಹೋದವನು ತಿರುಗಿ, “ಮೊದಲೆಲ್ಲ ಇಲ್ಲಿಂದ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಾತೇ ಆಡ್ತಿದ್ಲು. ಈಗ ಯಾಕೋ ಆಡಲ್ಲ” ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ರಟ್ಟಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಎರಡು ವಾರ ಬಿಟ್ಟು, ಒಂದು ಬುಧವಾರ, ಚಾಕಕ್ಕ ಅಂಗಡಿ ಮುಚ್ಚಿ ಬಸ್ಸು ಹತ್ತಿದಳು. ಕೈಯಲ್ಲಿ ಚಾಕು ಇರಲಿಲ್ಲ, ಕಲ್ಲು ಇರಲಿಲ್ಲ, ಹೇಳಿಕೊಳ್ಳಲು ಒಂದು ಕಾರಣವೂ ಇರಲಿಲ್ಲ. ಸೇತುವೆಯ ಹತ್ತಿರ ಎರಡನೆಯ ಬಸ್ಸಿಗೆ ಕಾಯುವಾಗ ಎರಡು ಸಲ ಹಿಂತಿರುಗಿ ಹೋಗಿಬಿಡೋಣ ಎನ್ನಿಸಿತು.

ನೆಲಮಾಳಿಗೆಯಲ್ಲಿ ರಟ್ಟಮ್ಮ ಒಬ್ಬಳೇ ಇದ್ದಳು. ಉಳಿದವರು ಊಟಕ್ಕೆ ಹೋಗಿದ್ದರು. ತಲೆಯೆತ್ತಿ ನೋಡಿದಳು. “ಏನಕ್ಕ, ಚಾಕಿಗೇನಾದ್ರೂ?”

“ಏನಿಲ್ಲ. ಸುಮ್ಮನೆ ಬಂದೆ.”

ರಟ್ಟಮ್ಮ ಅಂಟಿನ ಕುಂಚವನ್ನು ಡಬ್ಬಿಯ ಅಂಚಿಗೆ ಸವರಿ ಇಟ್ಟಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಕಾಲಿನಿಂದ ಒಂದು ಸ್ಟೂಲನ್ನು ಈಚೆಗೆ ತಳ್ಳಿದಳು. ಬಿಡಿ ಹಾಳೆಗಳ ಒಂದು ಕಟ್ಟನ್ನು ಎದುರಿಗಿಟ್ಟು, “ಪುಟದ ಅಂಕಿ ನೋಡಿ ಜೋಡಿಸಿ ಕೊಡಿ. ನನಗೆ ಕನ್ನಡಕ ಬದಲಿಸಬೇಕು, ಆರು ಎಂಟು ಒಂದೇ ಥರ ಕಾಣುತ್ತೆ” ಎಂದಳು.

ಚಾಕಕ್ಕ ಕೂತು ಹಾಳೆ ಜೋಡಿಸಿದಳು. ಒಂದು ಗಂಟೆಯಲ್ಲಿ ಇಬ್ಬರೂ ಹತ್ತು ಮಾತು ಆಡಿರಬಹುದು. ಊಟಕ್ಕೆ ಹೋದವರು ಗಲಗಲ ಎನ್ನುತ್ತ ಮರಳಿದಾಗ ಅವಳು ಎದ್ದಳು. “ಹೋಗಿ ಬರ್ತೀನಿ” ಎಂದಳು. ರಟ್ಟಮ್ಮ ಕೆಲಸದಿಂದ ಕಣ್ಣೆತ್ತದೆ “ಬುಧವಾರ ಆದ್ರೆ ಒಳ್ಳೇದು, ಈ ಹೊತ್ತಿಗೆ ಗಲಾಟೆ ಇರಲ್ಲ” ಎಂದಳು.

ಆ ಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ಚಾಕಕ್ಕ ಹಾಗೆ ಹೋಗಿ ಬರುತ್ತಿದ್ದಳು. ಉಳಿದ ದಿನಗಳಲ್ಲಿ ಕುಲುಮೆ ಹಚ್ಚಿ, ಕೆಲಸ ಮಾಡಿ, ಸಂಜೆ ಮೆಟ್ಟಿಲು ಹತ್ತಿ, ಮೇಲಿನ ಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ರಟ್ಟಮ್ಮ ಮತ್ತೆ ಆ ಅಂಗಡಿಗೆ ಬರಲಿಲ್ಲ.